ರೌಟರ್ ದೊಡ್ಡದು ಬೇಡ, ಕೇಬಲ್ ಒಳ್ಳೆಯದು ಬೇಕು

ಪ್ರಶ್ನೆ: ಸರ್, ನಮ್ಮದು ಕೊಪ್ಪ ತಾಲೂಕಿನ ಹಳೆಯ ತೊಟ್ಟಿಮನೆ. ನಾಲ್ಕು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಿದ್ದೇವೆ. ಅಂಗಳದ ಆಚೆ 60 ಮೀಟರ್ ದೂರದಲ್ಲಿ ಹೊಸದಾಗಿ ಇನ್ನೆರಡು ಕೋಣೆ ಕಟ್ಟಿಸಿದ್ದೇವೆ. 100 ಎಂಬಿಪಿಎಸ್ ಫೈಬರ್ ಇದೆ. ಕಂಪನಿಯವರು ಕೊಟ್ಟ ಪೆಟ್ಟಿಗೆ ಜಗಲಿಯ ಮೂಲೆಯಲ್ಲಿದೆ. ಜಗಲಿಯಲ್ಲಿ ವೈಫೈ ಚೆನ್ನಾಗಿದೆ, ಒಳಕೋಣೆಗೆ ಹೋದರೆ ಇಲ್ಲ. ಎಕ್ಸ್‌ಟೆಂಡರ್ ಹಾಕಿದೆವು. ಸಿಗ್ನಲ್ ಪೂರ್ತಿ ತೋರಿಸುತ್ತದೆ, ವಿಡಿಯೊ ಕಾಲ್ ಮಾತ್ರ ಕಡಿದು ಕಡಿದು ಹೋಗುತ್ತದೆ. ಕರೆಂಟು ಹೋದರೆ ಎಲ್ಲವೂ ಬಂದ್. ಅಂಗಡಿಯಲ್ಲಿ ಆರು ಆಂಟೆನಾ ಇರುವ ದುಬಾರಿ ರೌಟರ್ ತೋರಿಸುತ್ತಿದ್ದಾರೆ. ಅದನ್ನೇ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಆ ದುಡ್ಡನ್ನು ಕೇಬಲ್‌ಗೂ ಎರಡು ಮೂರು ಆ್ಯಕ್ಸೆಸ್ ಪಾಯಿಂಟ್‌ಗೂ (ಕೇಬಲ್‌ನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ) ಹಾಕಿ.

ಯಾಕೆ ಅಂದರೆ, ವೈಫೈ ಎರಡೂ ಕಡೆಯ ಮಾತು. ನೀವು ಮೈಕ್ ಹಿಡಿದು ಕೂಗಿದರೆ ತೋಟದ ಆ ತುದಿಯಲ್ಲಿರುವವರಿಗೆ ಕೇಳಿಸುತ್ತದೆ. ಅವರು ಬರಿ ಬಾಯಲ್ಲಿ ಕೊಟ್ಟ ಉತ್ತರ ನಿಮಗೆ ಕೇಳಿಸಬೇಕಲ್ಲ? ಅತಿಥಿಗಳ ಕೈಯಲ್ಲಿರುವ ಮೊಬೈಲ್‌ಗೆ ಅಷ್ಟು ದೊಡ್ಡ ದನಿ ಇಲ್ಲ. ರೌಟರ್‌ಗೆ ಎಷ್ಟು ಆಂಟೆನಾ ಇದ್ದರೂ ಮೊಬೈಲ್‌ನ ದನಿ ಗೋಡೆ ದಾಟಿ ಅಲ್ಲಿಗೆ ತಲುಪಲೇಬೇಕು. ನಿಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಇದ್ದೀತು. ಮಳೆಗಾಲದಲ್ಲಿ ಅದು ಹಸಿ ಹಿಡಿದರೆ ಇನ್ನೂ ಕಷ್ಟ, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ವೈಫೈನ ಬ್ಯಾಂಡ್‌ಗಳಲ್ಲಿ, ಅಂದರೆ ಅಲೆಗಳ ಬಗೆಗಳಲ್ಲಿ, 2.4 ಗಿಗಾಹರ್ಟ್ಸ್ ಹೇಗೋ ದಾಟಿ ಬರುತ್ತದೆ. ವೇಗ ಕೊಡುವ 5 ಗಿಗಾಹರ್ಟ್ಸ್ ಅಂಥ ಎರಡು ಗೋಡೆಗೇ ಸೋತುಹೋಗುತ್ತದೆ.

ಡಬ್ಬದ ಮೇಲಿನ ಸಂಖ್ಯೆಗೂ ಮರುಳಾಗಬೇಡಿ. ಎಎಕ್ಸ್ 1500 ಎಂದು ಬರೆದಿದ್ದರೆ ಅದು 2.4 ಗಿಗಾಹರ್ಟ್ಸ್‌ನ 300 ಮತ್ತು 5 ಗಿಗಾಹರ್ಟ್ಸ್‌ನ 1201 ಎಂಬಿಪಿಎಸ್ ಕೂಡಿಸಿ ಹೇಳಿದ ಲೆಕ್ಕ. ಒಂದು ಮೊಬೈಲ್ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಬ್ಯಾಂಡ್ ಹಿಡಿಯುತ್ತದೆ. ಅದರಲ್ಲೂ ಕೈಗೆ ಸಿಗುವುದು ಅರ್ಧ ಅಥವಾ ಸ್ವಲ್ಪ ಜಾಸ್ತಿ. ನಿಮಗೆ ಬರುತ್ತಿರುವುದೇ 100. ಅದು ಎಲ್ಲ ಕೋಣೆಗೂ ಕಡಿಯದೆ ತಲುಪಿದರೆ ಸಾಕು.

ಎಕ್ಸ್‌ಟೆಂಡರ್ ತೋರಿಸುವ ಸಿಗ್ನಲ್ ಮೊಬೈಲ್‌ಗೂ ಎಕ್ಸ್‌ಟೆಂಡರ್‌ಗೂ ನಡುವಿನದು. ಎಕ್ಸ್‌ಟೆಂಡರ್‌ಗೂ ಜಗಲಿಯ ಪೆಟ್ಟಿಗೆಗೂ ನಡುವೆ ಅದೇ ಮಣ್ಣಿನ ಗೋಡೆ ಇದೆ. ಜೊತೆಗೆ, ಕಡಿಮೆ ಬೆಲೆಯ ಎಕ್ಸ್‌ಟೆಂಡರ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳುತ್ತದೆ. ಅಲ್ಲಿಗೆ ವೇಗ ಅರ್ಧ ಹೋಯಿತು.

ಈಗ ನೀವು ಮಾಡಬೇಕಾದ್ದು. ಕಂಪನಿಯ ಪೆಟ್ಟಿಗೆ ಜಗಲಿಯಲ್ಲೇ ಇರಲಿ, ರೌಟರ್ ಕೆಲಸ ಅದೇ ಮಾಡಲಿ. ಅದರ ಪಕ್ಕ ಒಂದು ಚಿಕ್ಕ ಪಿಒಇ ಸ್ವಿಚ್ ಇಡಿ. ಇಲ್ಲಿ ಸ್ವಿಚ್ ಎಂದರೆ ಒಂದು ನೆಟ್‌ವರ್ಕ್ ಕೇಬಲನ್ನು ಹಲವು ಕೇಬಲ್‌ಗಳಿಗೆ ಕವಲೊಡೆಸುವ ಪೆಟ್ಟಿಗೆ. ಪಿಒಇ ಎಂದರೆ ಡೇಟಾ ಹೋಗುವ ಕೇಬಲ್‌ನಲ್ಲೇ ಕರೆಂಟೂ ಹೋಗುತ್ತದೆ, ಮಾಡಿನ ಕೆಳಗೆ ಪ್ಲಗ್ ಪಾಯಿಂಟ್ ಹುಡುಕಬೇಕಿಲ್ಲ. ಅಲ್ಲಿಂದ ಮನೆಯ ಒಳಕ್ಕೆ ಎರಡು ಕೇಬಲ್ ಎಳೆಸಿ, ಎರಡು ಆ್ಯಕ್ಸೆಸ್ ಪಾಯಿಂಟ್ ಕೂರಿಸಿ. ಒಂದೊಂದೂ ಎರಡು ಕೋಣೆಗಳ ಬಾಗಿಲು ಕಾಣುವ ಕಡೆ ಇರಲಿ. ತೊಟ್ಟಿಮನೆಯಲ್ಲಿ ಇದಕ್ಕೆ ಅನುಕೂಲ ಜಾಸ್ತಿ. ಅಂಗಳದ ಸುತ್ತಲಿನ ಪಡಸಾಲೆಯ ಮಾಡಿನ ಕೆಳಗೆ ಹಾಕಿದರೆ ಗೋಡೆಗಿಂತ ಬಾಗಿಲ ಮೂಲಕವೇ ಹೆಚ್ಚು ಸಿಗ್ನಲ್ ಒಳಗೆ ಹೋಗುತ್ತದೆ. ಕಬ್ಬಿಣದ ಬೀರು, ದೊಡ್ಡ ಕನ್ನಡಿ ಎದುರಿಗೆ ಮಾತ್ರ ಬೇಡ.

ಮಾಡೆಲ್ ಯಾವುದು ಅಂತ ಕೇಳುತ್ತೀರಿ, ಅಲ್ವಾ? ಟಿಪಿ-ಲಿಂಕ್‌ನ ಒಮಾಡ, ರುಯಿಜೀಯ ರೀಯೀ, ಯುಬಿಕ್ವಿಟಿಯ ಯೂನಿಫೈ, ಮೂರೂ ಇಂಥ ಜಾಗಕ್ಕೆಂದೇ ಮಾಡಿದವು. ನಾನು ನಿಮಗೆ ಹೇಳುವುದು ಒಮಾಡದ ವೈಫೈ 6 ಇರುವ ಸಾಧಾರಣ ಮಾಡೆಲ್. ಮೊಬೈಲ್ ಆ್ಯಪ್‌ನಿಂದಲೇ ಸಿದ್ಧಮಾಡಿಕೊಳ್ಳಬಹುದು, ಅತಿಥಿಗಳಿಗೆ ಬೇರೆ ನೆಟ್‌ವರ್ಕ್ ಕೊಡಬಹುದು. ಇದನ್ನು ತಪ್ಪಿಸಬೇಡಿ. ಬಂದುಹೋಗುವವರ ಮೊಬೈಲ್‌ಗಳಿಗೆ ನಿಮ್ಮ ಸಿಸಿ ಕ್ಯಾಮೆರಾ, ಕಂಪ್ಯೂಟರ್ ಕಾಣಿಸಬಾರದು. ಸ್ವಿಚ್ ಕೊಳ್ಳುವಾಗ ಅದರ ಮೇಲೆ 802.3ಎಎಫ್ ಅಥವಾ 802.3ಎಟಿ ಎಂದು ಬರೆದಿದೆಯೇ ನೋಡಿ. ಪ್ಯಾಸಿವ್ ಪಿಒಇ ಅಂತ ಇನ್ನೊಂದು ಬಗೆ ಇದೆ. ಅದು ಎದುರಿಗೆ ಏನಿದೆ ಎಂದು ವಿಚಾರಿಸದೆ ಕರೆಂಟು ಕಳಿಸುತ್ತದೆ, ಹೊಂದದ ಸಾಮಾನು ಸುಟ್ಟುಹೋಗಬಹುದು.

ಕೇಬಲ್ ವಿಷಯದಲ್ಲಿ ದಯವಿಟ್ಟು ಜಿಪುಣತನ ಬೇಡ. ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್, ಪೂರ್ತಿ ತಾಮ್ರದ್ದೇ ಆಗಬೇಕು. ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ ಕೇಬಲ್ ಅಗ್ಗಕ್ಕೆ ಸಿಗುತ್ತದೆ. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಹೊಳೆದರೆ ವಾಪಸ್ ಕೊಡಿ. ಅದರಲ್ಲಿ ಪಿಒಇ ಕಳಿಸಿದರೆ ವೋಲ್ಟೇಜ್ ಇಳಿಯುತ್ತದೆ, ಕೇಬಲ್ ಬಿಸಿಯಾಗುತ್ತದೆ. ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ, ಆದ್ದರಿಂದ ಪಿವಿಸಿ ಪೈಪಿನೊಳಗೆ ಎಳೆಸಿ. ಕರೆಂಟಿನ ವೈರ್ ಇರುವ ಪೈಪಿಗೆ ಇದನ್ನು ಸೇರಿಸಬೇಡಿ.

ಅಂಗಳದ ಆಚೆಯ ಕಟ್ಟಡದ್ದು ಬೇರೆ ಕತೆ. 60 ಮೀಟರ್ ತಾನೇ, ಲ್ಯಾನ್ ಕೇಬಲ್ 100 ಮೀಟರ್‌ವರೆಗೆ ನಡೆಯುತ್ತದೆ ಎಂದು ಯಾರಾದರೂ ಹೇಳುತ್ತಾರೆ. ಲೆಕ್ಕ ಸರಿ. ಆದರೆ ಮಲೆನಾಡಿನ ಸಿಡಿಲು? ಕೆಲವು ವರ್ಷಗಳ ಹಿಂದೆ ನೆಂಟರ ಮನೆಯಲ್ಲಿ ನಾನೇ ಮನೆಯಿಂದ ಅಡಿಕೆ ಗೋದಾಮಿಗೆ ಲ್ಯಾನ್ ಕೇಬಲ್ ಎಳೆದಿದ್ದೆ. ಏಪ್ರಿಲ್ ತಿಂಗಳ ಒಂದು ಸಂಜೆ ಸಿಡಿಲು ಹೊಡೆದದ್ದು ದೂರದ ಮರಕ್ಕೆ. ಸ್ವಿಚ್, ರೌಟರ್, ಕ್ಯಾಮೆರಾ ಮೂರೂ ಒಟ್ಟಿಗೆ ಹೋದವು. ಹತ್ತಿರ ಎಲ್ಲೇ ಸಿಡಿಲು ಬಡಿದರೂ ಹೊರಗಿನ ಉದ್ದದ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಅಂದಿನಿಂದ ನಾನು ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಸಿಲ್ಲ.

ಅಲ್ಲಿಗೆ ಫೈಬರ್ ಎಳೆಸಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಎರಡು ತುದಿಗೂ ಫೈಬರನ್ನು ಲ್ಯಾನ್ ಕೇಬಲ್‌ಗೆ ಜೋಡಿಸುವ ಒಂದೊಂದು ಮೀಡಿಯಾ ಕನ್ವರ್ಟರ್ ಬೇಕು, ಜೋಡಿಯಾಗಿಯೇ ಸಿಗುತ್ತದೆ. ಒಂದು ಮುಖ್ಯ ಮಾತು: ಕಂಬದಿಂದ ಮನೆಗೆ ಎಳೆಯುವ ಫೈಬರ್‌ನಲ್ಲಿ ಎಷ್ಟೋ ಸಲ ಪಕ್ಕದಲ್ಲಿ ಸ್ಟೀಲ್ ತಂತಿ ಇರುತ್ತದೆ. ಅದನ್ನೇ ಹಾಕಿದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟಂತೆ. ಲೋಹ ಇಲ್ಲದ ಫೈಬರ್ ಬೇಕೆಂದು ಕೇಳಿ ತನ್ನಿ. ತುದಿ ಬೆಸೆಯುವ ಯಂತ್ರ ನಿಮ್ಮ ಊರಿನ ಕೇಬಲ್ ಆಪರೇಟರ್ ಹುಡುಗರ ಹತ್ತಿರ ಇರುತ್ತದೆ. ಮೂರನೆಯ ಆ್ಯಕ್ಸೆಸ್ ಪಾಯಿಂಟ್ ಆ ಕಟ್ಟಡದಲ್ಲಿ.

ಇನ್ನು ಕರೆಂಟು. ಕಂಪನಿಯ ಪೆಟ್ಟಿಗೆ ಸಾಮಾನ್ಯವಾಗಿ 12 ವೋಲ್ಟ್‌ನದು. ಅದಕ್ಕೆ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ನೋಡಿಕೊಂಡು ತನ್ನಿ. ಪಿಒಇ ಸ್ವಿಚ್‌ಗೆ ಅದು ಸಾಲದು, ಅದನ್ನು ಮನೆಯ ಇನ್ವರ್ಟರ್ ಪಾಯಿಂಟಿಗೆ ಕೊಡಿ. ಇನ್ವರ್ಟರ್‌ಗೆ ಬದಲಾಗುವ ಕ್ಷಣದಲ್ಲಿ ಪಿಒಇ ಸ್ವಿಚ್ ಒಮ್ಮೆ ಆಫ್ ಆಗಿ ಮತ್ತೆ ಆನ್ ಆಗುತ್ತಿದ್ದರೆ ಇನ್ವರ್ಟರ್ ಹಿಂದಿನ ಬಟನ್ನನ್ನು ಯುಪಿಎಸ್ ಮೋಡ್‌ಗೆ ಹಾಕಿ ನೋಡಿ. ವೋಲ್ಟೇಜ್ ತುಂಬಾ ಇಳಿಯುವ ಮನೆಯಾದರೆ ಆ ಮೋಡ್‌ನಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅದೊಂದು ಗಮನ ಇರಲಿ.

ಎಲ್ಲ ಆದಮೇಲೆ ಪೆಟ್ಟಿಗೆಯ ವೈಫೈ ಆಫ್ ಮಾಡಿ. ಮೂರೂ ಆ್ಯಕ್ಸೆಸ್ ಪಾಯಿಂಟ್‌ಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಮಾತ್ರ ಬೇರೆ ಬೇರೆ: 1, 6, 11. ಪವರ್ ಮಧ್ಯಮಕ್ಕೆ ಇಳಿಸಿ. ಪೂರ್ತಿ ಇಟ್ಟರೆ ಮೊಬೈಲ್ ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೇ ಜೋತುಬಿದ್ದಿರುತ್ತದೆ. ಯಾವುದಕ್ಕೆ ಸೇರಬೇಕು ಎಂದು ಕೊನೆಗೆ ತೀರ್ಮಾನಿಸುವುದು ಮೊಬೈಲೇ.

ಪ್ರಶ್ನೆ: ಮೈಸೂರಿನ ಎರಡು ಅಂತಸ್ತಿನ ಮನೆ. ಮಹಡಿಗೆ ಹಳೆಯ ರೌಟರ್ ಒಯ್ದು, ಕೆಳಗಿನ ಪೆಟ್ಟಿಗೆಯಿಂದ ಕೇಬಲ್ ಕೊಟ್ಟೆ. ಇಂಟರ್ನೆಟ್ ಬರುತ್ತದೆ. ಆದರೆ ಮಹಡಿಯ ಪ್ರಿಂಟರ್ ಕೆಳಗಿನ ಲ್ಯಾಪ್‌ಟಾಪ್‌ಗೆ ಕಾಣುವುದಿಲ್ಲ. ಪ್ರಿಂಟರ್ ಕೆಟ್ಟಿದೆಯೇ?

ಉತ್ತರ: ಪ್ರಿಂಟರ್ ಸರಿಯಾಗಿಯೇ ಇದೆ. ಈಗ ನಿಮ್ಮ ಮನೆಯಲ್ಲಿ ಎರಡು ರೌಟರ್, ಎರಡು ಬೇರೆ ನೆಟ್‌ವರ್ಕ್. ಮೇಲಿನದರ ಒಳಗಿರುವುದು ಕೆಳಗಿನವರಿಗೆ ಕಾಣದು. ಹಳೆಯ ರೌಟರ್‌ನ ಸೆಟ್ಟಿಂಗ್‌ನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆನ್ ಮಾಡಿ, ಅಷ್ಟೇ ಕೆಲಸ. ಇಲ್ಲದಿದ್ದರೆ ಮೊದಲು ಅದರ ವಿಳಾಸ ಬದಲಿಸಿ. ಕೆಳಗಿನದು 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಆಮೇಲೆ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ. ಕೊನೆಗೆ ಕೇಬಲನ್ನು ವ್ಯಾನ್ (WAN) ತೂತಿನಿಂದ ತೆಗೆದು ಯಾವುದಾದರೂ ಲ್ಯಾನ್ (LAN) ತೂತಿಗೆ ಹಾಕಿ. ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಹೊಸ ವಿಳಾಸ ತೆಗೆದುಕೊಳ್ಳುತ್ತದೆ.

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಮನೆ. ಗೋಡೆ ಕೊರೆಯಲು ಓನರ್ ಬಿಡುವುದಿಲ್ಲ. ಮೆಶ್ ಒಳ್ಳೆಯದೇ?

ಉತ್ತರ: ಮೆಶ್, ಅಂದರೆ ತಮ್ಮೊಳಗೆ ವೈಫೈನಲ್ಲೇ ಮಾತಾಡಿಕೊಂಡು ಒಂದೇ ನೆಟ್‌ವರ್ಕ್ ಹರಡುವ ಎರಡು ಮೂರು ಪೆಟ್ಟಿಗೆಗಳ ಸೆಟ್, ಕೇಬಲ್‌ಗೆ ದಾರಿಯೇ ಇಲ್ಲದಿದ್ದರೆ ಸರಿ. ಎರಡನೆಯ ಪೆಟ್ಟಿಗೆಯನ್ನು ಸಿಗ್ನಲ್ ಸಿಗದ ಕೋಣೆಯೊಳಗೇ ಇಡುವುದು ಎಲ್ಲರೂ ಮಾಡುವ ತಪ್ಪು. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ಏನನ್ನು ಹಂಚೀತು? ಮೊದಲನೆಯದಕ್ಕೂ ಆ ಕೋಣೆಗೂ ನಡುವೆ, ಬಾಗಿಲು ತೆರೆದರೆ ಒಂದಕ್ಕೊಂದು ಕಾಣುವ ಜಾಗದಲ್ಲಿ ಇಡಿ. ಕೊಳ್ಳುವ ಮುಂಚೆ ಮನೆಯಲ್ಲಿ ಹಳೆಯ ಟಿವಿ ಕೇಬಲ್ ಅಥವಾ ಲ್ಯಾಂಡ್‌ಲೈನ್‌ನ ಪೈಪ್ ಇದೆಯೇ ಎಂದು ಓನರ್ ಹತ್ತಿರ ಕೇಳಿ. ಎಷ್ಟೋ ಮನೆಗಳಲ್ಲಿ ಅದು ಸುಮ್ನೆ ಖಾಲಿ ಬಿದ್ದಿರುತ್ತದೆ. ಅದರೊಳಗೆ ಒಂದು ಕ್ಯಾಟ್ 6 ತೂರಿದರೆ ಕೊರೆಯುವ ಪ್ರಶ್ನೆಯೇ ಬರುವುದಿಲ್ಲ.