ಕೇಳುಗರ ಕಟ್ಟೆ: ಬ್ರಿಟನ್ನಿನ ರೇಡಿಯೊ, ನಮ್ಮ ಗಡಿಯಾರ

ಪ್ರಶ್ನೆ: ಮಗಳು ಓದಲು ಲೀಡ್ಸ್‌ಗೆ ಹೋಗಿದ್ದಾಳೆ. ‘ಇಂಗ್ಲಿಷ್ ಕಿವಿಗೆ ಒಗ್ಗಬೇಕಾದರೆ ಬಿಬಿಸಿ ರೇಡಿಯೊ ಫೋರ್ ಕೇಳಮ್ಮ’ ಅನ್ನುತ್ತಾಳೆ. ಹಾಕಿದರೆ ಯಾರೋ ಜಗಳವಾಡುತ್ತಿರುತ್ತಾರೆ, ಒಂದು ಮಾತೂ ತಲೆಗೆ ಹೋಗುವುದಿಲ್ಲ. ಎಲ್ಲಿಂದ ಶುರು ಮಾಡಲಿ? (ಹಾಸನದ ಓದುಗರು)

ಉತ್ತರ: ನೀವು ಹಾಕಿದ್ದು ಬಹುಶಃ ‘ಟುಡೇ’ ಇರಬೇಕು. 1957ರಲ್ಲಿ ಶುರುವಾದ ಈ ಬೆಳಗಿನ ಸುದ್ದಿ ಕಾರ್ಯಕ್ರಮ ವಾರದ ದಿನಗಳಲ್ಲಿ ಅಲ್ಲಿನ 6ರಿಂದ 9ರವರೆಗೆ ನಡೆಯುತ್ತದೆ. 8:10ರ ಸುಮಾರಿಗೆ ಮಂತ್ರಿಗಳನ್ನು ಕೂರಿಸಿಕೊಂಡು ಪಾಟೀಸವಾಲು ಹಾಕುತ್ತಾರೆ. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ, ಹೊಸ ಕಿವಿಗೆ ಅದು ಬೇಡ.

ಅದರ ನಡುವೆಯೇ 7:45ರ ಆಸುಪಾಸಿನಲ್ಲಿ ‘ಥಾಟ್ ಫಾರ್ ದ ಡೇ’ ಬರುತ್ತದೆ. ಮೂರು ನಿಮಿಷ, ಒಂದೇ ದನಿ, ಬರೆದುಕೊಂಡು ಓದಿದ ಮಾತು. ಶುರುವಿಗೆ ಇದೇ ಸರಿ. ಸಿಕ್ಕರೆ ಅದನ್ನೇ ಮೂರು ಸಲ ಕೇಳಿ. ಆಮೇಲೆ ಸಂಜೆ 6ರ ವಾರ್ತೆ. ಅರ್ಧ ಗಂಟೆ, ಅದೂ ಬಹುಪಾಲು ಬರೆದು ಓದಿದ್ದು. ಬೆಳಿಗ್ಗೆ 10ರ ‘ವುಮನ್ಸ್ ಅವರ್’ಗೆ (1946ರಿಂದ ಇದೆ) ಹೋಗುವುದು ಅದಾದ ಮೇಲೆ.

ವೇಳೆಯ ಲೆಕ್ಕ ಹೀಗೆ: ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಬ್ರಿಟನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ಐದೂವರೆ. ಅಲ್ಲಿನ 7:45 ಎಂದರೆ ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ 12:15, ಚಳಿಗಾಲದಲ್ಲಿ 1:15. ನವೆಂಬರ್ ಬಂತೆಂದರೆ ‘ನಮ್ಮ ಕಾರ್ಯಕ್ರಮ ನಿಂತುಹೋಯಿತೇ?’ ಎಂದು ಕೇಳುವವರಿದ್ದಾರೆ. ನಿಂತಿರುವುದಿಲ್ಲ, ಒಂದು ಗಂಟೆ ತಡ ಅಷ್ಟೆ.

ಪ್ರಶ್ನೆ: ಬ್ರಿಟನ್ನಿನ ರೇಡಿಯೊದಲ್ಲಿ ಹಡಗಿನವರಿಗೆ ಓದುವ ಹವಾಮಾನ ವರದಿಯನ್ನು ನಮ್ಮ ಬೋಟಿನ ಹುಡುಗನೊಬ್ಬ ಫೋನಿನಲ್ಲಿ ಕೇಳಿಸಿದ. ಮಂತ್ರ ಹೇಳಿದ ಹಾಗಿದೆ. ಅದನ್ನು ಬಿಡಿಸಿ ಹೇಳುವಿರಾ? (ಮಲ್ಪೆಯ ಓದುಗರು)

ಉತ್ತರ: ಅದು ‘ಶಿಪ್ಪಿಂಗ್ ಫೋರ್ಕಾಸ್ಟ್’. ಬ್ರಿಟನ್ ಸುತ್ತಲಿನ ಕಡಲನ್ನು 31 ಭಾಗ ಮಾಡಿ ಹೆಸರಿಟ್ಟಿದ್ದಾರೆ. ಈಶಾನ್ಯದ ವೈಕಿಂಗ್‌ನಿಂದ ಹೊರಟು, ಗಡಿಯಾರದ ಮುಳ್ಳಿನಂತೆ ಸುತ್ತುಹಾಕಿ, ಸೌತ್‌ಈಸ್ಟ್ ಐಸ್‌ಲ್ಯಾಂಡ್‌ಗೆ ಮುಗಿಯುತ್ತದೆ. ಇಡೀ ವರದಿ ಸುಮಾರು 350 ಪದಗಳೊಳಗೆ ನಿಲ್ಲಬೇಕು, ನಡುರಾತ್ರಿಯದಕ್ಕೆ ಮಾತ್ರ ಸ್ವಲ್ಪ ಸಡಿಲ. ಅದಕ್ಕೇ ‘ಗಾಳಿ’, ‘ವೇಗ’, ‘ಗೋಚರತೆ’ ಎಂಬ ಪದಗಳನ್ನೆಲ್ಲ ನುಂಗಿಬಿಟ್ಟಿದ್ದಾರೆ. ಉಳಿಯುವುದು ಕ್ರಮ ಒಂದೇ: ಮೊದಲು ಗಾಳಿ, ಆಮೇಲೆ ಮಳೆ, ಕೊನೆಗೆ ಎಷ್ಟು ದೂರ ಕಾಣುತ್ತದೆ ಎಂಬುದು.

‘ಹಂಬರ್, ಥೇಮ್ಸ್. ಸೌತ್‌ವೆಸ್ಟ್ ಫೈವ್ ಟು ಸೆವೆನ್, ಆಕೇಷನಲಿ ಗೇಲ್ ಏಟ್. ಶವರ್ಸ್. ಗುಡ್’ ಎಂದರು ಅನ್ನಿ. ಹಂಬರ್, ಥೇಮ್ಸ್ ಎಂಬ ಕಡಲಭಾಗಗಳಲ್ಲಿ ನೈಋತ್ಯದಿಂದ ಬೀಸುವ ಗಾಳಿ, ಗಾಳಿಯ ಬಲ ಅಳೆಯುವ ಬೋಫರ್ಟ್ ಮಾಪಕದಲ್ಲಿ 5ರಿಂದ 7, ಆಗಾಗ 8. ಎಂಟು ಎಂದರೆ ‘ಗೇಲ್’, ಬಿರುಗಾಳಿ: 34ರಿಂದ 40 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ). ಬಿಟ್ಟುಬಿಟ್ಟು ಮಳೆ. ಕೊನೆಯ ‘ಗುಡ್’ ಕೇಳಿ ಮಳೆ ಒಳ್ಳೆಯದಂತೆ ಎಂದುಕೊಳ್ಳುವವರೇ ಹೆಚ್ಚು. ಅದು ಕಣ್ಣಿನ ಲೆಕ್ಕ: 5 ನಾಟಿಕಲ್ ಮೈಲಿಗಿಂತ ಆಚೆಗೂ ಕಾಣುತ್ತದೆ ಎಂದು. ‘ಮಾಡರೇಟ್’ ಎಂದರೆ 2ರಿಂದ 5 ಮೈಲಿ, ‘ಪೂರ್’ ಎಂದರೆ 1000 ಮೀಟರಿನಿಂದ 2 ಮೈಲಿ, ಅದಕ್ಕೂ ಕಡಿಮೆಯಾದರೆ ‘ವೆರಿ ಪೂರ್’.

ಹೊತ್ತಿನ ಪದಗಳಿಗೂ ಅಳತೆ ಉಂಟು. ‘ಇಮಿನೆಂಟ್’ ಎಂದರೆ ಆರು ಗಂಟೆಯೊಳಗೆ, ‘ಸೂನ್’ ಎಂದರೆ ಆರರಿಂದ ಹನ್ನೆರಡು, ‘ಲೇಟರ್’ ಎಂದರೆ ಹನ್ನೆರಡು ಗಂಟೆಯ ಮೇಲೆ. ಈ ಗಂಟೆಗಳನ್ನು ನೀವು ಕೇಳಿದ ಹೊತ್ತಿನಿಂದ ಎಣಿಸಬೇಡಿ, ವರದಿ ಹೊರಡಿಸಿದ ಹೊತ್ತಿನಿಂದ ಎಣಿಸಿ. ಆ ಹೊತ್ತನ್ನು ಮೊದಲ ವಾಕ್ಯದಲ್ಲೇ ಹೇಳುತ್ತಾರೆ, ಎಲ್ಲರೂ ಅದನ್ನೇ ತಪ್ಪಿಸಿಕೊಳ್ಳುತ್ತಾರೆ. ಗಾಳಿ ‘ವೀರಿಂಗ್’ ಎಂದರೆ ಗಡಿಯಾರದ ದಿಕ್ಕಿಗೆ ತಿರುಗುತ್ತಿದೆ (ನೈಋತ್ಯದಿಂದ ಪಶ್ಚಿಮಕ್ಕೆ), ‘ಬ್ಯಾಕಿಂಗ್’ ಎಂದರೆ ಅದಕ್ಕೆ ಉಲ್ಟಾ.

ನಡುರಾತ್ರಿಯ ವರದಿ ಅಲ್ಲಿನ 00:48ಕ್ಕೆ. ನಿಮಗೆ ಬೆಳಿಗ್ಗೆ 5:18, ಚಳಿಗಾಲದಲ್ಲಿ 6:18. ಅದಕ್ಕೆ ಮುಂಚೆ ರೊನಾಲ್ಡ್ ಬಿಂಜ್ ಅವರ ‘ಸೇಲಿಂಗ್ ಬೈ’ ಎಂಬ ತೂಗಾಡುವ ವಾದ್ಯಸಂಗೀತ ಹಾಕುತ್ತಾರೆ. ವರದಿ ಹೇಳಿದ ನಿಮಿಷಕ್ಕೇ ಶುರುವಾಗಬೇಕಲ್ಲ, ಹಿಂದಿನ ಕಾರ್ಯಕ್ರಮ ಉಳಿಸಿದ ಸಂದನ್ನು ಅದರಿಂದ ತುಂಬುತ್ತಾರೆ.

ಪ್ರಶ್ನೆ: ಅಡುಗೆಮನೆಯಲ್ಲಿ ಎಫ್‌ಎಂ ಸೆಟ್, ಕೋಣೆಯಲ್ಲಿ ಫೋನು. ರೇಡಿಯೊ ಫೋರ್‌ನಲ್ಲಿ ಗಂಟೆಯಾಯಿತೆಂದು ತಿಳಿಸುವ ‘ಪಿಪ್’ ಸದ್ದು ಎರಡರಲ್ಲೂ ಒಂದೇ ಸಲ ಬರುವುದಿಲ್ಲ. ಯಾವುದು ಸರಿ? (ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಕನ್ನಡಿಗರು)

ಉತ್ತರ: ಎಫ್‌ಎಂ. 1924ರಿಂದ ಬರುತ್ತಿರುವ ಆರು ಪಿಪ್‌ಗಳಲ್ಲಿ ಐದು ಚಿಕ್ಕವು, ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಆರನೆಯದು ಅರ್ಧ ಸೆಕೆಂಡು. ಆ ಉದ್ದ ಪಿಪ್ ಶುರುವಾದ ಕ್ಷಣವೇ ಗಂಟೆ, ಮುಗಿದ ಕ್ಷಣವಲ್ಲ. ಡಿಜಿಟಲ್ ಸೆಟ್ಟಿನಲ್ಲೂ ಫೋನಿನಲ್ಲೂ ದನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ ಸೆಕೆಂಡುಗಳು ಹೋಗುತ್ತವೆ. ಇಂಟರ್ನೆಟ್ಟಿನಲ್ಲಂತೂ ಇನ್ನೂ ಹೆಚ್ಚು. ಕೈಗಡಿಯಾರವನ್ನು ಅದಕ್ಕೆ ಹೊಂದಿಸಬೇಡಿ. ಸಂಜೆ 6ಕ್ಕೂ ನಡುರಾತ್ರಿಗೂ ಪಿಪ್‌ಗೆ ಕಾಯಬೇಡಿ, ಆಗ ಬಿಗ್ ಬೆನ್ ಗಂಟೆ.

ಪ್ರಶ್ನೆ: ರೇಡಿಯೊ ಫೋರ್‌ನ ‘ದಿ ಆರ್ಚರ್ಸ್’ ನಮ್ಮ ಕೃಷಿರಂಗದಂಥದೇ? (ಮಂಡ್ಯದ ಓದುಗರು)

ಉತ್ತರ: ಹುಟ್ಟುವಾಗ ಅರ್ಧ ಹಾಗೆಯೇ ಇತ್ತು. ದೇಶಕ್ಕೆಲ್ಲ ಕೇಳಿಸತೊಡಗಿದ್ದು 1951ರ ಜನವರಿ 1ರಿಂದ. ಆಗಿನ್ನೂ ಆಹಾರಕ್ಕೆ ರೇಷನ್ ಇತ್ತು. ಹೊಸ ಬೇಸಾಯದ ಮಾತನ್ನು ಕಥೆಯೊಳಗೆ ಬೆರೆಸಿ ರೈತರಿಗೆ ಮುಟ್ಟಿಸುವ ಉಪಾಯ ಅದು. ಈಗ ಆಂಬ್ರಿಜ್ ಎಂಬ ಕಲ್ಪಿತ ಹಳ್ಳಿಯ ಸಂಸಾರಗಳ ಧಾರಾವಾಹಿ. ಸಂಜೆ 7ಕ್ಕೆ, ಕಾಲು ಗಂಟೆಗೂ ಕಡಿಮೆ, ಶನಿವಾರ ಬಿಡುವು. ನಿಜವಾದ ಬೇಸಾಯದ ಸುದ್ದಿ ಬೇಕಿದ್ದರೆ ವಾರದ ದಿನಗಳಲ್ಲಿ ಬೆಳಿಗ್ಗೆ 5:45ರ ‘ಫಾರ್ಮಿಂಗ್ ಟುಡೇ’ ಕೇಳಿ.

ಪ್ರಶ್ನೆ: ಅಜ್ಜನ ವಾಲ್ವ್ ರೇಡಿಯೊದಲ್ಲಿ ರೇಡಿಯೊ ಫೋರ್ ಸಿಗುತ್ತದೆಯೇ? (ಸಾಗರದ ಓದುಗರು)

ಉತ್ತರ: ಇಲ್ಲ. ಅದರ ಲಾಂಗ್ ವೇವ್ ಪ್ರಸಾರ ಹೆಸರು ಮಾಡಿದ್ದು 198 ಕಿಲೋಹರ್ಟ್ಸ್‌ನಲ್ಲಿ, ಅಲೆಯುದ್ದ ಸುಮಾರು 1500 ಮೀಟರ್. ನಮ್ಮಲ್ಲಿ ಮಾರಾಟವಾದ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಮೀಡಿಯಂ ವೇವ್, ಶಾರ್ಟ್ ವೇವ್ ಮಾತ್ರ. ಲಾಂಗ್ ವೇವ್ ಪಟ್ಟಿ ಇದ್ದರೂ ನೆಲ ಹಿಡಿದು ಸಾಗುವ ಆ ಅಲೆ ಇಷ್ಟು ದೂರ ಬಾರದು. ಸೆಟ್ಟನ್ನು ಆಕಾಶವಾಣಿಗೆ ಬಿಡಿ, ಇದನ್ನು ಫೋನಿನಲ್ಲಿ ಕೇಳಿ.