ಗುಬ್ಬಿ ವೀರಣ್ಣನವರು ಹಾಸ್ಯಪಾತ್ರದಿಂದಲೇ ಅಷ್ಟು ದೊಡ್ಡ ಹೆಸರು ಗಳಿಸಿದ್ದು ಹೇಗೆ?

ಸಂಗೀತ ನಾಟಕದ ಕಟ್ಟಿನಲ್ಲಿ ಹಾಸ್ಯಗಾರನಿಗೆ ಮಾತ್ರ ಇದ್ದ ಮಾತಿನ ಸ್ವಾತಂತ್ರ್ಯವನ್ನು ಅವರು ಪೂರ್ತಿಯಾಗಿ ಬಳಸಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣ.

ಕಂಪನಿ ನಾಟಕಗಳಲ್ಲಿ ರಾಜ, ರಾಣಿಯರ ಪಾತ್ರಧಾರಿಗಳು ಹಾರ್ಮೋನಿಯಂನ ಶ್ರುತಿಗೆ ಬದ್ಧರಾಗಿ ಹಾಡಬೇಕಿತ್ತು. ಪ್ರೇಕ್ಷಕರು 'ವನ್ಸ್ ಮೋರ್' ಎಂದರೆ ಸತ್ತು ಬಿದ್ದವನೂ ಎದ್ದು ಮತ್ತೆ ಹಾಡಿ ಸಾಯಬೇಕಿತ್ತು ಎಂದು ಹಳಬರು ನಗುತ್ತಾ ಹೇಳುವುದುಂಟು. ಹಾಸ್ಯಗಾರನಾದರೋ ಆಡುಮಾತಿನಲ್ಲಿ, ಆಯಾ ಊರಿನ ಸುದ್ದಿಯನ್ನೂ ಬೆರೆಸಿ, ಸ್ಥಳದಲ್ಲೇ ಮಾತು ಕಟ್ಟಬಹುದಾಗಿದ್ದರಿಂದ, ಅದೇ ನಾಟಕವನ್ನು ಹತ್ತನೆಯ ಸಲ ನೋಡುವವರಿಗೂ ಅವನ ದೃಶ್ಯ ಹೊಸದಾಗಿರುತ್ತಿತ್ತು. 'ಸದಾರಮೆ'ಯಲ್ಲಿ ನಾಯಕಿಯನ್ನು ಹೊತ್ತೊಯ್ದು ಕೊನೆಗೆ ಅವಳ ಜಾಣತನಕ್ಕೆ ತಾನೇ ಮೋಸಹೋಗುವ ಕಳ್ಳನ ಪಾತ್ರ ವೀರಣ್ಣನವರ ಹೆಸರಿಗೇ ಅಂಟಿಕೊಂಡದ್ದು ಹೀಗೆ.

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಆರಂಭವಾದ ಚನ್ನಬಸವೇಶ್ವರ ನಾಟಕ ಕಂಪನಿಗೆ ಬಾಲ್ಯದಲ್ಲೇ ಸೇರಿದ ಅವರು 1917ರಲ್ಲಿ ಅದರ ಮಾಲೀಕರಾದರು. 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಆ ಮಾಲೀಕರನ್ನು ಜನ ಹೆಚ್ಚು ನೆನೆಯುವುದು ಮಾತ್ರ ಆ ಕಳ್ಳನಿಂದಲೇ. ಪದ್ಮಶ್ರೀ ಬಂದ 1972ರಲ್ಲೇ ಅವರು ತೀರಿಕೊಂಡರು.