ಕಡಲಿಗೆ ಇಳಿದಾಗ ದಡದ ಚೀಲಕ್ಕೆ ಕಾವಲು ಯಾರು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ತುಂಗೆಯಲ್ಲಿ ಈಜು ಕಲಿತವಳು. ದಸರಾ ರಜೆಯಲ್ಲಿ ಒಬ್ಬಳೇ ಸ್ಕೂಟರಿನಲ್ಲಿ ಆಗುಂಬೆ ಘಾಟಿ ಇಳಿದು ಉಡುಪಿ ಕಡೆಯ ಸಮುದ್ರತೀರಕ್ಕೆ ಹೋಗಬೇಕೆಂದಿದ್ದೇನೆ. ಜೊತೆಗೆ ಯಾರೂ ಇಲ್ಲದಿರುವಾಗ ಮೊಬೈಲು, ಹಣ, ಗಾಡಿಯ ಕೀ ಇವನ್ನೆಲ್ಲ ಎಲ್ಲಿಟ್ಟು ನೀರಿಗೆ ಇಳಿಯಬೇಕು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ತೀರ್ಥಹಳ್ಳಿಯಲ್ಲೇ, ಹೊರಡುವ ಹಿಂದಿನ ರಾತ್ರಿಯೇ ಸಿಗಬೇಕು. ಮರಳಿನ ಮೇಲೆ ನಿಂತು ಯೋಚಿಸತೊಡಗಿದರೆ ಯಾವ ಜಾಗವೂ ಸುರಕ್ಷಿತವೆಂದು ಅನ್ನಿಸುವುದಿಲ್ಲ. ಬಂಗಾರದ ಸರ, ಉಂಗುರಗಳನ್ನು ಮನೆಯಲ್ಲೇ ಬಿಡಿ. ನೀರಿನಲ್ಲಿ ಬೆರಳು ತಣ್ಣಗಾಗಿ ಸಣ್ಣಗಾದಾಗ ಉಂಗುರ ಜಾರಿದ್ದು ತಿಳಿಯುವುದೇ ಇಲ್ಲ. ಚಾಲನಾ ಪರವಾನಗಿಯನ್ನೂ ಗಾಡಿಯ ಆರ್‌ಸಿಯನ್ನೂ ಡಿಜಿಲಾಕರ್‌ಗೆ ಸೇರಿಸಿಕೊಂಡರೆ ಮೂಲ ಕಾರ್ಡುಗಳನ್ನು ಹೊತ್ತೊಯ್ಯಬೇಕಾಗಿಲ್ಲ. ಒಂದು ಎಟಿಎಂ ಕಾರ್ಡು, ಎರಡು ಕಡೆ ಹಂಚಿಟ್ಟ ಸ್ವಲ್ಪ ನಗದು ಇದ್ದರೆ ಸಾಕು. ಮನೆಯವರ ಮೊಬೈಲ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ನಗದಿನ ಜೊತೆ ಇಡಿ, ಏಕೆಂದರೆ ಈಗ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಸಂಖ್ಯೆಯೂ ಬಾಯಿಪಾಠವಿಲ್ಲ.

ಒಬ್ಬರೇ ಹೋಗುವವರು ಜನರಿರುವ, ಜೀವರಕ್ಷಕ ಸಿಬ್ಬಂದಿ ಇರುವ ತೀರವನ್ನೇ ಆರಿಸಿಕೊಳ್ಳಬೇಕು. ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಪಡುಬಿದ್ರಿಯ ತೀರದಲ್ಲಿ ಬಟ್ಟೆ ಬದಲಿಸುವ ಕೊಠಡಿಗಳೂ ಇವೆ. ಸಾಗರ ತಾಲ್ಲೂಕಿನ ಕಡೆಯವರಿಗಾದರೆ ಅದೇ ವರ್ಷ ಮಾನ್ಯತೆ ಪಡೆದ ಹೊನ್ನಾವರದ ಕಾಸರಕೋಡು ಹತ್ತಿರ. ರಾತ್ರಿ ಉಳಿಯುವವರು ಬೆಲೆಬಾಳುವ ವಸ್ತುಗಳನ್ನು ಕೋಣೆಯಲ್ಲೇ ಬೀಗ ಹಾಕಿ ಬರುವುದು ಎಲ್ಲಕ್ಕಿಂತ ಒಳ್ಳೆಯದು.

ನೀವು ಅದೇ ದಿನ ಮರಳುವುದಾದರೆ ಸ್ಕೂಟರಿನ ಡಿಕ್ಕಿಯೇ ನಿಮ್ಮ ಕಪಾಟು. ಆದರೆ ತೀರದಲ್ಲಿ ಗಾಡಿ ನಿಲ್ಲಿಸಿ, ನಾಲ್ಕು ಜನ ನೋಡುತ್ತಿರುವಾಗ ಸೀಟು ಎತ್ತಿ ಪರ್ಸು ಒಳಗಿಟ್ಟು ನೀರಿನ ಕಡೆ ನಡೆದರೆ ಬೀಗ ಹಾಕಿ ಪ್ರಯೋಜನವಿಲ್ಲ. ಸ್ವಲ್ಪ ಮೊದಲೇ, ತಿಂಡಿಗೆ ನಿಲ್ಲಿಸಿದಲ್ಲಿ ಆ ಕೆಲಸ ಮುಗಿಸಿ, ತೀರದಲ್ಲಿ ಡಿಕ್ಕಿಯನ್ನು ತೆರೆಯಲೇಬೇಡಿ. ಬಿಸಿಲಿಗೂ ಇಂಜಿನ್ನಿನ ಕಾವಿಗೂ ಡಿಕ್ಕಿ ಸುಡುವುದರಿಂದ ಮೊಬೈಲನ್ನು ಆಫ್ ಮಾಡಿ ದಪ್ಪ ಟವೆಲಿನಲ್ಲಿ ಸುತ್ತಿಡಿ, ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ. ಇನ್ನು ಉಳಿಯುವುದು ಕೀ ಒಂದೇ, ಮತ್ತು ಅದು ಹೋದರೆ ಎಲ್ಲವೂ ಹೋದಂತೆ. ಈಜುವ ಉಡುಪಿನ ಜಿಪ್ ಇರುವ ಜೇಬಿನೊಳಗೆ ಅದನ್ನು ದೊಡ್ಡ ಪಿನ್ನಿನಿಂದ ಬಟ್ಟೆಗೇ ಸಿಕ್ಕಿಸಿ. ಜೇಬಿಲ್ಲದಿದ್ದರೆ ಗಟ್ಟಿ ದಾರದಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಿ. ರಿಮೋಟ್ ಕೀ ಆಗಿದ್ದರೆ ನೀರು ತಾಗಿಸುವಂತಿಲ್ಲ.

ಮೊಬೈಲ್ ಮೈಮೇಲೆಯೇ ಇರಬೇಕೆನ್ನುವವರಿಗೆ ನೀರು ನುಗ್ಗದ ಪ್ಲಾಸ್ಟಿಕ್ ಚೀಲಗಳು ಸಿಗುತ್ತವೆ. ನಮ್ಮ ಮಳೆಗಾಲದಲ್ಲಿ ಮೊಬೈಲಿಗೆ ಸುತ್ತುವ ಪ್ಲಾಸ್ಟಿಕ್ ಕೊಟ್ಟೆ ಸಮುದ್ರಕ್ಕೆ ಸಾಲದು. ಕೊಂಡ ಚೀಲವನ್ನು ಮೊದಲು ಮನೆಯಲ್ಲಿ ಪರೀಕ್ಷಿಸಿ: ಒಳಗೆ ಮಡಚಿದ ಟಿಶ್ಯೂ ಕಾಗದ, ಭಾರಕ್ಕೊಂದು ಕಲ್ಲು ಇಟ್ಟು ಬಾಯಿ ಮುಚ್ಚಿ, ಬಕೆಟ್ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಡಿ. ಕಾಗದದ ಅಂಚು ಸ್ವಲ್ಪ ಒದ್ದೆಯಾದರೂ ಆ ಚೀಲವನ್ನು ನಂಬಬೇಡಿ. ಮುಚ್ಚುವಾಗ ಅಂಚಿನಲ್ಲಿ ಒಂದು ಮರಳಿನ ಕಣ ಉಳಿದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಮೊಬೈಲಿಗೆ ನೀರು, ಧೂಳು ತಡೆಯುವ ಐಪಿ68 ದರ್ಜೆ ಇದೆಯೆಂಬ ಧೈರ್ಯವೂ ಬೇಡ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಉಪ್ಪುನೀರು ಚಾರ್ಜಿಂಗ್ ಕಿಂಡಿಯ ಲೋಹವನ್ನು ತಿನ್ನುತ್ತದೆ. ಈಜಿ ಬಂದ ಮೇಲೆ ಚೀಲವನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಬಾಯಿ ತೆರೆಯಿರಿ.

ಬಟ್ಟೆ, ಚಪ್ಪಲಿ, ನೀರಿನ ಬಾಟಲಿಯ ಚೀಲ ಮರಳಿನ ಮೇಲೆ ಇರಲಿ, ಕಳೆದರೂ ಅಳದಂಥವು ಮಾತ್ರ ಅದರಲ್ಲಿರಲಿ. ಅದನ್ನು ನೋಡಿಕೊಳ್ಳಿರೆಂದು ಜೀವರಕ್ಷಕರನ್ನು ಕೇಳಬೇಡಿ, ಅವರ ಕಣ್ಣು ನೀರಿನ ಮೇಲಿರಬೇಕು. ಎಳನೀರು ಕುಡಿದು ಆ ಅಂಗಡಿಯವರನ್ನೋ, ಮಕ್ಕಳೊಂದಿಗೆ ಕುಳಿತ ಕುಟುಂಬವನ್ನೋ ವಿನಂತಿಸಿದರೆ ಸಾಮಾನ್ಯವಾಗಿ ಇಲ್ಲವೆನ್ನುವುದಿಲ್ಲ.

ನಾನು ಹೆಚ್ಚು ಒತ್ತಿ ಹೇಳಬೇಕೆಂದಿರುವುದು ಇನ್ನೊಂದು ವಿಷಯ. ಚೀಲದ ಚಿಂತೆ ಇರುವವರು ಮತ್ತೆ ಮತ್ತೆ ದಡದ ಕಡೆ ತಿರುಗುತ್ತಾರೆ, ಅಂದರೆ ಅಲೆಗೆ ಬೆನ್ನು ಕೊಡುತ್ತಾರೆ. ಮರವಂತೆಯಲ್ಲಿ ಸೊಂಟದಷ್ಟು ನೀರಿನಲ್ಲಿ ನಿಂತು ಹಾಗೆ ತಿರುಗಿದಾಗಲೇ ನಾನು ಅಲೆಯ ಹೊಡೆತಕ್ಕೆ ಮುಗ್ಗರಿಸಿದ್ದು. ಎದ್ದು ನೋಡಿದರೆ ಚೀಲ ಕಾಣಲಿಲ್ಲ, ಕದ್ದರೆಂದೇ ಗಾಬರಿಯಾಯಿತು. ಚೀಲ ಇಟ್ಟಲ್ಲಿಯೇ ಇತ್ತು, ದಡದ ಉದ್ದಕ್ಕೆ ಹರಿಯುವ ಸೆಳೆತ ನನ್ನನ್ನೇ ಬಹಳ ದೂರ ಸರಿಸಿತ್ತು. ತುಂಗೆಯಲ್ಲಿ ಹರಿವಿನ ದಿಕ್ಕು ಕಣ್ಣಿಗೆ ಕಾಣುತ್ತದೆ, ಕಡಲಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಒಂದು ಒಂಟಿ ತೆಂಗಿನಮರವನ್ನೋ ಜೀವರಕ್ಷಕರ ಗೋಪುರವನ್ನೋ ಗುರುತು ಹಿಡಿದು, ಅದರ ನೇರಕ್ಕೆ ಚೀಲವಿಟ್ಟು, ಆ ಗುರುತು ಪಕ್ಕಕ್ಕೆ ಸರಿದಾಗಲೆಲ್ಲ ದಡಕ್ಕೆ ಬಂದು ನಡೆದು ಹಿಂದಿರುಗಿ. ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದರೆ ಅದರ ಎದುರು ಈಜದೆ ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬಂದು, ಆಮೇಲೆ ದಡದತ್ತ ತಿರುಗಿ. ಚೀಲದ ಬಳಿ ಯಾರೋ ಸುಳಿದಂತೆ ಕಂಡರೂ ಗಡಿಬಿಡಿಯಲ್ಲಿ ಅಲೆಯ ನಡುವೆ ಓಡಬೇಡಿ.

ಅಷ್ಟಾದರೂ ಮೊಬೈಲ್ ಕಳುವಾದರೆ ಇನ್ನೊಬ್ಬರ ಫೋನಿನಿಂದ ಮೊದಲು ಸಿಮ್ಮನ್ನೂ ಬ್ಯಾಂಕ್ ಖಾತೆಯ ಯುಪಿಐಯನ್ನೂ ನಿಲ್ಲಿಸಿ. ಖಾತೆಯಿಂದ ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆದರೆ, ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಮೊಬೈಲನ್ನೇ ನಿರ್ಬಂಧಿಸಬಹುದು. ಅದಕ್ಕೆ ಮೊಬೈಲಿನ ಗುರುತಾದ 15 ಅಂಕಿಗಳ ಐಎಂಇಐ ಸಂಖ್ಯೆ ಬೇಕು. ಈಗಲೇ *#06# ಒತ್ತಿ, ಕಾಣುವ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಹೊರಡಿ.